ಹೊಲದ ಗುಡಿಸಲಿನಲ್ಲಿ ಹದಿನೆಂಟು ದಿನ

ಗೋಕಾಕದ ಒಂದು ಖಾನಾವಳಿಯಲ್ಲಿ ರಾಯವ್ವ ಹತ್ತೊಂಬತ್ತು ವರ್ಷ ರೊಟ್ಟಿ ಬಡಿದಿದ್ದಳು. ಗಂಡ ಸತ್ತ ಮೇಲೆ ಎಳೆಯ ಮಗಳನ್ನು ಕಟ್ಟಿಕೊಂಡು ಬಂದವಳು, ಅಡುಗೆಮನೆಯ ಹಿಂದಿನ ಒಂದೇ ಕೋಣೆಯಲ್ಲಿ ಬಾಳು ಮಾಡಿ, ಆ ಮಗಳು ಸಾತವ್ವನನ್ನು ಮಮದಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದಳು.

1957ರ ಮಳೆಗಾಲದಲ್ಲಿ ಊರೆಲ್ಲ ಫ್ಲೂ ಜ್ವರ ಹಬ್ಬಿತು. ಉಣ್ಣಲು ಬರುವವರು ಕಡಿಮೆಯಾದರು, ಬಡಿಸುವವರಿಬ್ಬರೂ ಹಾಸಿಗೆ ಹಿಡಿದರು. ಕೊನೆಗೆ ಮಾಲೀಕ ಮಾಳಪ್ಪ, "ರಾಯವ್ವ, ಖಾನಾವಳಿ ಮುಚ್ಚಿ ನಾ ಊರಿಗಿ ಹೊಂಟೇನಿ. ನೀನೂ ಮಗಳ ಮನಿಗಿ ಹೋಗಿಬಿಡು," ಎಂದ.

ಮಗಳ ಮನೆಯಲ್ಲಿ ಹನ್ನೆರಡು ದಿನದ ಕೂಸಿತ್ತು. ಅದನ್ನು ನೋಡುವ ಆಸೆ ಎಷ್ಟಿತ್ತೋ ಅಷ್ಟೇ ಹೆದರಿಕೆಯೂ ಇತ್ತು. ಜ್ವರ ಬಂದ ಬಡಿಸುವವರಿಗೆ ಗಂಜಿ ಕುಡಿಸಿದವಳು ಅವಳೇ. ದವಾಖಾನೆಗೆ ಹೋಗಿ ಕೇಳಿದಳು.

"ಎಂಟು ದಿನ ಬ್ಯಾರೆ ಇರವ್ವ. ಜ್ವರ ಬರಲಿಲ್ಲಂದ್ರ ಕೂಸಿನ್ನ ಎತ್ತಿಕೊ," ಎಂದರು ಡಾಕ್ಟರು.

ಮಮದಾಪುರದಿಂದ ಸಂತೆಗೆ ಬಂದವರ ಕೈಯಲ್ಲಿ ಅಳಿಯ ಬೀರಸಿದ್ದಪ್ಪನಿಗೆ ಹೇಳಿ ಕಳಿಸಿದಳು: ಮನೆಗೆ ಬರುವುದಿಲ್ಲ, ಹೊಲದ ಗುಡಿಸಲು ತೆರವು ಮಾಡಿಡು.

ಸಾಮಾನು ಒಯ್ಯಲು ಒಪ್ಪಿದವನು ಗಾಡಿಯ ಬಂದಗಿಸಾಬ. ಬೆಳಿಗ್ಗೆ ಬಂದವನು ಅಂಗಳದಾಚೆಯೇ ನಿಂತ.

"ಅಕ್ಕಾ, ಖರೆ ಹೇಳತೇನಿ. ನಮ್ಮ ಮನ್ಯಾಕಿ ಬಿಬಿಜಾನಗ ಜ್ವರ ಬಂದು ಮನ್ನೆ ಇಳದೈತಿ. ನಾ ಒಳಗ ಬರಾಂಗಿಲ್ಲ. ನೀವು ಸಾಮಾನ ಹೊರಗಿಟ್ಟು ಸರೀರಿ, ನಾ ಹೇರತೇನಿ."

ಮುಚ್ಚಿಡದೆ ಹೇಳಿದನಲ್ಲ ಎಂದು ರಾಯವ್ವನಿಗೆ ಅವನ ಮೇಲೆ ನಂಬಿಕೆ ಬಂತು. ಬೀಸುವ ಕಲ್ಲು, ರೊಟ್ಟಿ ಹಂಚು, ಎರಡು ಕೌದಿ, ಒಂದು ತಗಡಿನ ಟ್ರಂಕು. ಅವನು ರುಮಾಲಿನ ತುದಿಯನ್ನು ಬಾಯಿಗೆ ಸುತ್ತಿಕೊಂಡು ಎತ್ತುಗಳ ಮುಂದೆ ನಡೆದ. ಇವಳು ಸೆರಗು ಅಡ್ಡ ಹಿಡಿದು ಗಾಡಿಯ ಹಿಂದಿನ ತುದಿಯಲ್ಲಿ ಕುಳಿತಳು.

ಅರ್ಧ ದಾರಿಯಲ್ಲಿ ಬಂದಗಿಸಾಬ ಗಡಗಡ ನಡುಗುತ್ತ ಬೇವಿನ ಮರದಡಿ ಕುಸಿದ. "ಕಾಲಾಗ ಶಕ್ತಿ ಇಲ್ಲಕ್ಕಾ. ಯಾರದರ ಗಾಡಿ ಬಂದ್ರ ಹತ್ತಿ ಹೋಗಿಬಿಡ್ರಿ."

ಒಂದು ಗಾಡಿ ಬಂತು ಕೂಡ. ಹೊಡೆಯುವವನು ಇವರನ್ನು ನೋಡಿ ಮೂಗು ಮುಚ್ಚಿಕೊಂಡು ಎತ್ತುಗಳನ್ನು ಓಡಿಸಿದ.

"ನಿನ್ನ ಇಲ್ಲೇ ಬಿಟ್ಟು ಹ್ವಾದ್ರ ನನಗ ತುತ್ತ ಇಳದೀತೇನೊ? ಏಳು, ಹಿಂದ ಮಲಕೊ," ಎಂದು ರಾಯವ್ವ ಹಗ್ಗ ಹಿಡಿದಳು.

ಹುಟ್ಟಿದಾಗಿನಿಂದ ಗಾಡಿ ಹೊಡೆದವಳಲ್ಲ. ಎತ್ತುಗಳು ಗಾಡಿಯನ್ನು ತಗ್ಗಿನ ಕಡೆಗೆ ಎಳೆದವು. "ಹೊಡಿಬ್ಯಾಡ್ರಿ ಅಕ್ಕಾ, ಅವು ಮಾತ ಕೇಳತಾವ," ಎಂದು ಹಿಂದಿನಿಂದ ಸಣ್ಣ ದನಿ ಬಂತು. ರಾಯವ್ವ ಖಾನಾವಳಿಯ ಹುಡುಗರಿಗೆ ಗದರುವಂತೆ ಗದರಿದಳು, ಆಮೇಲೆ ಬೇಡಿಕೊಂಡಳು. ಹೇಗೋ ದಾರಿ ಸಾಗಿತು.

ಹೊಲದ ಒಡ್ಡಿನ ಮೇಲೆ ನಿಂತಿದ್ದ ಬೀರಸಿದ್ದಪ್ಪ ಹೌಹಾರಿದ. "ಅತ್ತಿ, ಇವನ್ನ್ಯಾಕ ಕರಕೊಂಡು ಬಂದ್ರಿ? ಹಸಗೂಸಿನ ಮನಿ ಐತಿ."

"ಅದಕ್ಕ ಮನಿಗಿ ಬಂದಿಲ್ಲಪಾ. ಬುತ್ತಿ ಒಡ್ಡಿನ ಮ್ಯಾಲಿಟ್ಟು ಹೋಗು. ಇವನ ಮನಿಗಿ ಸುದ್ದಿ ಮುಟ್ಟಸು."

ಅಳಿಯ ತಂದ ಬುತ್ತಿಯನ್ನು ಒಡ್ಡಿನ ಮೇಲಿಟ್ಟು ಹೋದ. ಮರುದಿನವೇ ಗೋಕಾಕಕ್ಕೆ ಸುದ್ದಿ ಕಳಿಸಿದ.

ಗುಡಿಸಲನ್ನು ಬಂದಗಿಸಾಬನಿಗೆ ಬಿಟ್ಟು ರಾಯವ್ವ ಗಾಡಿಯ ಕೆಳಗೆ ಚಾಪೆಯ ಮರೆ ಕಟ್ಟಿಕೊಂಡು ಮಲಗಿದಳು. ದಿನಕ್ಕೆ ನಾಲ್ಕು ಸಲ ಗಂಜಿ ಕಾಸಿ ಬಾಗಿಲಲ್ಲಿಟ್ಟು ಸರಿದಳು. ಆರನೆಯ ದಿನ ಅವನೆದ್ದು ಕುಳಿತ. ಅದೇ ದಿನ ಇವಳ ಮೈ ಕಾದ ಹಂಚಾಯಿತು.

ಬಂದಗಿಸಾಬ ಊರಿಗೆ ಹೋಗಬಹುದಿತ್ತು, ಹೋಗಲಿಲ್ಲ. ಇವಳನ್ನು ಗುಡಿಸಲಿಗೆ ಸೇರಿಸಿ ತಾನೇ ಗಂಜಿ ಕಾಸಿ, ಬಟ್ಟಲು ಹಿಡಿದು ಹಿಂಜರಿಯುತ್ತ ನಿಂತ. "ಅಕ್ಕಾ, ನನ್ನ ಕೈಯಾಂದು ಕುಡಿತೀರೇನ್ರಿ?"

ರಾಯವ್ವ ಅದುವರೆಗೆ ಪರಜಾತಿಯವರ ಕೈಯ ಅಡುಗೆ ಮುಟ್ಟಿದವಳಲ್ಲ. ಒಂದು ಗಳಿಗೆ ಅವನ ಮುಖ ನೋಡಿದಳು. "ಕೊಡೊ ತಮ್ಮಾ," ಎಂದಳು.

ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಬಂದಗಿಸಾಬ ಗಾಡಿ ಹೂಡಿಕೊಂಡು ಹೋದ ಮೇಲೂ ರಾಯವ್ವ ಎಂಟು ದಿನ ಒಬ್ಬಳೇ ಉಳಿದಳು. ಒಮ್ಮೆ ಸಾತವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಡ್ಡಿನ ತನಕ ಬಂದು, "ಯವ್ವಾ, ದೂರಿಂದರ ನೋಡ," ಎಂದು ಅಳುತ್ತ ನಿಂತಳು. "ಥಂಡಿಗಾಳಿ ಐತಿ, ಮದಲ ಒಳಗ ನಡಿ," ಎಂದು ಬೈದು ಕಳಿಸಿದ ರಾಯವ್ವ ಅಂದೆಲ್ಲ ಬುತ್ತಿ ಬಿಚ್ಚಲಿಲ್ಲ.

ಹದಿನೆಂಟನೆಯ ದಿನ ಕೌದಿ, ಸೀರೆ ಎಲ್ಲ ಕುದಿಸಿ ಒಣಗಿಸಿ, ತಲೆಗೆರೆದುಕೊಂಡು ಮನೆಯ ಹೊಸ್ತಿಲು ದಾಟಿದಳು. ಆ ಮನೆಯಲ್ಲಿ ಯಾರಿಗೂ ಜ್ವರ ಬಂದಿರಲಿಲ್ಲ. ಉಡಿಗೆ ಬಂದ ಕೂಸು ಹೊಸ ಕೈ ತಾಗಿ ಚೀರಿ ಅತ್ತಿತು.

"ಅಳಲಿ ಬಿಡ," ಎಂದು ರಾಯವ್ವ ಅದನ್ನು ಎದೆಗೊತ್ತಿಕೊಂಡಳು. ಸಾತವ್ವ ಕೈ ಚಾಚಿದರೂ ಕೊಡಲಿಲ್ಲ.