ಎಮಿಲಿಯೊ ಬಿಡಿಸಿದ ನೆರಳು

2014ರಲ್ಲಿ ನಾನು ಲಂಡನ್ನಿನ ಸೌತ್‌ಹಾಲ್‌ನಲ್ಲಿ, ಒಂದು ಕನ್ನಡಕದಂಗಡಿಯಲ್ಲಿ ಆಪ್ಟೊಮೆಟ್ರಿಸ್ಟ್ ಆಗಿದ್ದೆ. ಕಣ್ಣು ಪರೀಕ್ಷಿಸುವುದು, ಕನ್ನಡಕ ಬರೆದುಕೊಡುವುದು, ಕಾಯಿಲೆಯ ಸುಳಿವು ಕಂಡರೆ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸ.

ನವೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ಎಮಿಲಿಯೊ ಬಂದರು. ಐವತ್ತು ದಾಟಿದ ಮೆಕ್ಸಿಕನ್. ತಮ್ಮೂರಲ್ಲಿ ಕಾಮಿಕ್ಸ್ ಪುಸ್ತಕಗಳಿಗೆ ಚಿತ್ರ ಬರೆದು, ಆಮೇಲೆ ಲಂಡನ್ನಿನ ಆನಿಮೇಷನ್ ಸ್ಟುಡಿಯೊ ಸೇರಿದವರು. ಎರಡು ದಿನದಿಂದ ಬಲಗಣ್ಣಿಗೆ, ಪುಟದ ಕೆಳಮೂಲೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಾಣುತ್ತಿತ್ತಂತೆ. "ಬೇಗ ಕನ್ನಡಕ ಬದಲಿಸಿಕೊಡಿ. ಸಂಜೆ ನನಗೆ ವಿಮಾನವಿದೆ" ಎಂದರು.

ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ಒಳಗೆ ನೋಡಿದೆ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟ ಮೇಲ್ಭಾಗದಲ್ಲಿ ಹರಿದು, ತೇವ ಹಿಡಿದ ಗೋಡೆಯ ಬಣ್ಣ ಏಳುವ ಹಾಗೆ ಕಳಚಿಕೊಳ್ಳುತ್ತಿತ್ತು. ಅಲ್ಲಿ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಅವರಿಗೆ ಆ ನೆರಳು ಕೆಳಮೂಲೆಯಲ್ಲಿ ಕಾಣುತ್ತಿತ್ತು. ಸಣ್ಣ ಗೆರೆಗಳನ್ನು ಗುರುತಿಸುವ ನಡುಭಾಗ, ಮ್ಯಾಕ್ಯುಲಾ, ಇನ್ನೂ ಅಂಟಿಕೊಂಡಿತ್ತು. ಅದೂ ಕಳಚಿದರೆ ಆ ಕಣ್ಣಿನ ಮೇಲೆ ಭರವಸೆ ಇಡುವಂತಿರಲಿಲ್ಲ.

ಹೆದರಿಸಬಾರದೆಂದು, "ಇವತ್ತೇ ಆಸ್ಪತ್ರೆಯಲ್ಲೊಮ್ಮೆ ತೋರಿಸಿದರೆ ಒಳ್ಳೆಯದೇನೋ" ಎಂದೆ.

ಅವರು ಎದ್ದು ಕೋಟು ತೊಟ್ಟರು. "ಬಂದ ಮೇಲೆ ತೋರಿಸುತ್ತೇನೆ. ಇಪ್ಪತ್ತು ವರ್ಷ ಬೇರೆಯವರ ಕಥೆಗೆ ಗೆರೆ ಎಳೆದೆ. ಇದು ನನ್ನದೇ ಸಿನಿಮಾ, ಹನ್ನೊಂದು ನಿಮಿಷದ್ದು. ಶನಿವಾರ ನಮ್ಮೂರಲ್ಲಿ ಮೊದಲ ಪ್ರದರ್ಶನ. ಅಮ್ಮ ಮುಂದಿನ ಸಾಲಿನಲ್ಲಿ ಕೂರುತ್ತಾಳೆ."

ಬಾಗಿಲಿಗೆ ಅಡ್ಡ ನಿಂತೆ. ಅವರ ಚೀಲದಲ್ಲಿದ್ದ ಸ್ಕೆಚ್‌ಬುಕ್ ಕಂಡು, "ಎಡಗಣ್ಣು ಮುಚ್ಚಿ, ಆ ನೆರಳನ್ನು ಬಿಡಿಸಿ" ಎಂದೆ. ಬಿಡಿಸಿದರು. ಹಿಂದಿನ ದಿನ ಕುತೂಹಲಕ್ಕೆ ಬಿಡಿಸಿಟ್ಟ ಅದೇ ನೆರಳು ಹಿಂದಿನ ಪುಟದಲ್ಲಿತ್ತು. ಎರಡನ್ನೂ ಹೋಲಿಸಿ ನೋಡಿದರು. ಒಂದೇ ದಿನದಲ್ಲಿ ನೆರಳು ಎರಡು ಬೆರಳಷ್ಟು ಮೇಲೇರಿತ್ತು.

"ನಾಳೆ ಎಲ್ಲಿಗೆ ಬರುತ್ತೆ?"

"ನಡುವಿಗೆ ಬರಬಹುದು. ಬಂದರೆ ಈ ಕಣ್ಣಿಂದ ನೀವು ಮತ್ತೆ ಚಿತ್ರ ಬರೆಯಲಾರಿರಿ. ವಿಮಾನ ಹತ್ತಬೇಡಿ."

ಅವರು ಕೋಟು ಬಿಚ್ಚಿ ಮತ್ತೆ ಕುರ್ಚಿಯಲ್ಲಿ ಕುಳಿತರು. ಆಸ್ಪತ್ರೆಗೆ ಫೋನ್ ಮಾಡಿ, ಉಳಿದ ಅಪಾಯಿಂಟ್‌ಮೆಂಟ್‌ಗಳನ್ನು ರದ್ದುಮಾಡಿ, ಟ್ಯಾಕ್ಸಿಯಲ್ಲಿ ಅವರ ಜೊತೆಗೇ ಹೋದೆ. ದಾರಿಯುದ್ದಕ್ಕೂ ಟ್ರಾಫಿಕ್. ಪ್ರತಿ ಸಿಗ್ನಲ್‌ನಲ್ಲೂ "ಈಗ ಎಲ್ಲಿದೆ?" ಎಂದು ಕೇಳುತ್ತಿದ್ದೆ. ಅವರು ಗಾಳಿಯಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಯಿತು. ಅಕ್ಷಿಪಟವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ತುಂಬಿದ ಗ್ಯಾಸ್ ಎತ್ತರದಲ್ಲಿ ಹಿಗ್ಗುತ್ತದೆ; ಅದು ಕರಗುವವರೆಗೂ ವಿಮಾನ ಹತ್ತುವಂತಿರಲಿಲ್ಲ. ಶನಿವಾರ ಅವರು ಒಂದೇ ಮಗ್ಗುಲಾಗಿ ಮಲಗಿ, ಫೋನಿನಲ್ಲಿ ಚಪ್ಪಾಳೆ ಕೇಳಿಸಿಕೊಂಡರಂತೆ. "ಅಷ್ಟು ಜನರ ನಡುವೆಯೂ ಅಮ್ಮನ ನಗು ಗುರುತು ಸಿಕ್ಕಿತು" ಎಂದರು, ಫೆಬ್ರವರಿಯಲ್ಲಿ ಬಂದಾಗ. ಅವತ್ತು ಬಲಗಣ್ಣಿನಿಂದ ಚಾರ್ಟಿನ ಕೊನೆಯ ಸಾಲೊಂದು ಬಿಟ್ಟು ಉಳಿದದ್ದೆಲ್ಲ ಓದಿದರು.

ರೋಗಿ ಹೆದರಬಾರದೆಂದು ಮಾತು ಮೆತ್ತಗೆ ಮಾಡುವಾಗ ಅದು ದಯೆ ಎಂದೇ ನಂಬಿದ್ದೆ. ನಿಜವಾಗಿ ಹೆದರಿದ್ದವಳು ನಾನು. ಆಮೇಲಿನ ವರ್ಷಗಳಲ್ಲಿ ಕೆಟ್ಟ ಸುದ್ದಿಯನ್ನು ಮೊದಲ ವಾಕ್ಯದಲ್ಲೇ ಹೇಳಿದೆ. ಸಮಾಧಾನ ಹೇಳಲು ಎರಡನೆಯ ವಾಕ್ಯ ಇದ್ದೇ ಇರುತ್ತದೆ.