ನೆತ್ತಿ ಮುಚ್ಚದ ಕುಲಾಯಿ

ಬೆಳಗಿನ ಐದೂವರೆ. ಶಲವಡಿಯ ಈ ಓಣಿಯಲ್ಲಿ ಇನ್ನೂ ಯಾರ ಮನೆಯಿಂದಲೂ ಒಲೆಯ ಹೊಗೆ ಎದ್ದಿಲ್ಲ. ಮರಿಯಮಬಿ ತಮ್ಮ ಮನೆಯ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಮಡಿಲಲ್ಲಿ ಗಿಳಿಹಸಿರು ಉಣ್ಣೆಯ ಉಂಡೆ, ಬಲಗೈಯಲ್ಲಿ ಗೇಣುದ್ದದ ಕೊಕ್ಕೆಸೂಜಿ. ಅವರ ಕಣ್ಣು ಉಣ್ಣೆಯ ಮೇಲಿಲ್ಲ, ಅಣ್ಣಿಗೇರಿಯಿಂದ ಬರುವ ರಸ್ತೆಯ ಮೇಲಿದೆ. ಕೈ ಮಾತ್ರ ತನ್ನ ಪಾಡಿಗೆ ತಾನು ಹೆಣೆಯುತ್ತಿದೆ.

ಹೆಣೆಯುತ್ತಿರುವುದು ಕುಲಾಯಿ. ಎಳೆಗೂಸಿನ ಕಿವಿ ಮುಚ್ಚಿ, ಗದ್ದದ ಕೆಳಗೆ ಲಾಡಿ ಕಟ್ಟುವ ಟೊಪ್ಪಿಗೆ. ಇದನ್ನು ಹಾಕಿಕೊಳ್ಳಬೇಕಾದ ಕೂಸು ಇನ್ನೂ ಹುಟ್ಟಿಲ್ಲ. ನಿನ್ನೆ ಸಂಜೆ ಎದುರುಮನೆಯ ಈರಬಸಪ್ಪನವರ ಮಗಳು ಅನ್ನವ್ವನಿಗೆ ನೋವು ಬಂದು, ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಅಣ್ಣಿಗೇರಿಯ ದವಾಖಾನೆಗೆ ಕರೆದೊಯ್ದಿದ್ದಾರೆ. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಇದು ಅನ್ನವ್ವನ ಮೂರನೆಯ ಹೆರಿಗೆ. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಒಂಬತ್ತು ದಿನ ಇತ್ತು.

"ನಸಿಕಿನ್ಯಾಗ ಸುದ್ದಿ ಬರತೈತಿ ಅಂದಿದ್ರು" ಎನ್ನುತ್ತಾರೆ ಮರಿಯಮಬಿ, ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನನಗೆ. "ಇನ್ನೂ ಬಂದಿಲ್ಲ ನೋಡ್ರಿ."

ಮರಿಯಮಬಿಯವರಿಗೆ ಈಗ ಐವತ್ತರ ಮೇಲೆ ನಾಲ್ಕೋ ಐದೋ. ಸರಿಯಾಗಿ ಅವರಿಗೂ ಗೊತ್ತಿಲ್ಲ. ಸಾವಿರದ ಒಂಬೈನೂರ ಐವತ್ತೈದರಿಂದ ಇಲ್ಲಿಗೆ ಮೂವತ್ತೊಂದು ವರ್ಷ, ಈ ಕಟ್ಟೆಯ ಮೇಲೆ ಕೂತು ಕೂಸುಗಳಿಗೆ ಹೊಲಿಯುತ್ತ, ಹೆಣೆಯುತ್ತ ಬಂದಿದ್ದಾರೆ. ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಕುಂಚಿಗಿ, ತೊಟ್ಟಿಲ ಮೇಲೆ ತೂಗುವ ಅರಿವೆಯ ಗಿಳಿಗಳ ಗೊಂಚಲು, ಹತ್ತಿ ತುಂಬಿದ ಬೊಂಬೆ, ಉಣ್ಣೆಯ ಕಾಲುಚೀಲ. ಸೂಜಿಯ ಕೆಲಸವನ್ನು ತಾಯಿಯಿಂದ ಕಲಿತರು, ಉಣ್ಣೆಯ ಕೆಲಸವನ್ನು ಆಗ ಊರಲ್ಲಿದ್ದ ಮಾಸ್ತರರ ಹೆಂಡತಿಯಿಂದ. ಕೊಕ್ಕೆಸೂಜಿ ಪೇಟೆಯದಲ್ಲ. ಬಸ್‌ಸ್ಟ್ಯಾಂಡಿನ ಬಳಿ ಸೈಕಲ್ಲು ರಿಪೇರಿ ಮಾಡುವ ಗಂಡ ನಬೀಸಾಬರು ಚಕ್ರದ ಕಡ್ಡಿಯನ್ನು ಉಜ್ಜಿ, ತುದಿ ಬಾಗಿಸಿ ಮಾಡಿಕೊಟ್ಟದ್ದು.

"ಲಗ್ನ ಆದಾಗ ಬಂಗಾರ ಕೊಡ್ರಿ ಅಂದ್ಲು. ಕಡ್ಡಿ ಕೊಟ್ಟೆ" ಎನ್ನುತ್ತಾರೆ ನಬೀಸಾಬ, ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತ.

"ಬಂಗಾರ ಕೊಟ್ಟಿದ್ರ ಎಂದೋ ಮಾರಿ ತಿಂತಿದ್ರಿ" ಎಂದು ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆಯೇ ಉತ್ತರ ಕೊಡುತ್ತಾರೆ. "ಕಡ್ಡಿ ಐತಿ ನೋಡ್ರಿ, ಇನ್ನೂ."

ಒಂದು ಕುಲಾಯಿಗೆ ಅಂಚಿನಲ್ಲಿ ಅರವತ್ತನಾಲ್ಕು ಕುಣಿಕೆ, ಇಪ್ಪತ್ತೆರಡು ಸುತ್ತು. ಮನೆಗೆಲಸ ನೋಡಿಕೊಂಡು ಕೂತರೆ ಒಂದೂವರೆ ದಿನ. ತಿಂಗಳಿಗೆ ಹದಿನೈದು ಹದಿನಾರು ಕುಲಾಯಿ, ನಾಲ್ಕೈದು ಕುಂಚಿಗಿ, ಅಷ್ಟೇ ಬೊಂಬೆ. ಬೊಂಬೆಗಳಿಗೆ ಮಣಿಯ ಕಣ್ಣು ಹಚ್ಚುವುದಿಲ್ಲ, ಕೂಸು ಕಿತ್ತು ನುಂಗೀತು ಎಂದು. ಕರೀ ದಾರದಲ್ಲಿ ಹೊಲಿಯುತ್ತಾರೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮಶೀನಿನ ಟೊಪ್ಪಿಗೆಗಳು ಬಂದು ಆರೇಳು ವರ್ಷವಾಯಿತು. ಆದರೂ ಶಲವಡಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಬಸುರಿ ಇರುವ ಮನೆಯವರು ಉಣ್ಣೆ ಹಿಡಿದುಕೊಂಡು ಈ ಕಟ್ಟೆಗೇ ಬರುತ್ತಾರೆ. ಅದಕ್ಕೆ ಕಾರಣ ಮರಿಯಮಬಿ ಹೆಣೆಯುವ ರೀತಿ.

ಎಲ್ಲರೂ ಟೊಪ್ಪಿಗೆಯನ್ನು ನೆತ್ತಿಯಿಂದ ಶುರು ಮಾಡಿ ಅಂಚಿಗೆ ಇಳಿಸುತ್ತಾರೆ. ಮರಿಯಮಬಿ ಅಂಚಿನಿಂದ ಶುರು ಮಾಡುತ್ತಾರೆ. ಮೇಲೆ ಹನ್ನೆರಡು ಕುಣಿಕೆ ಉಳಿದಾಗ ಅವುಗಳಲ್ಲಿ ಒಂದು ಹಳದಿ ದಾರ ಪೋಣಿಸಿ, ನೆತ್ತಿಯನ್ನು ತೆರೆದೇ ಬಿಟ್ಟು ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಕೂಸು ಹುಟ್ಟಿತು, ತಾಯಿ ಮಗು ಕ್ಷೇಮ ಎಂಬ ಸುದ್ದಿ ಬರಬೇಕು. ಆಮೇಲೆಯೇ ದಾರ ಎಳೆದು ಗಂಟು ಹಾಕುವುದು.

"ಕೂಸಿನ ನೆತ್ತಿ ಹುಟ್ಟಿದಾಗ ಕೂಡಿರಂಗಿಲ್ಲರಿ. ಮುಟ್ಟಿದ್ರ ಮೆತ್ತಗ ಬಡಕೋತಿರತೈತಿ. ಆ ದೇವರ ಮುಚ್ಚಿಲ್ಲ. ಅವಗಿಂತ ಮೊದಲ ನಾ ಮುಚ್ಚಾಕ ಯಾರು?"

ಇದನ್ನು ಅವರಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ತಮ್ಮ ಚೊಚ್ಚಲ ಕೂಸಿಗೆ ಆತುರಪಟ್ಟು, ಎಂಟು ತಿಂಗಳಲ್ಲೇ ಕುಲಾಯಿ ಹೆಣೆದು ನೆತ್ತಿ ಮುಚ್ಚಿ ಇಟ್ಟಿದ್ದರಂತೆ. ಆ ಕೂಸು ಉಳಿಯಲಿಲ್ಲ. ನಂತರ ಹುಟ್ಟಿದ ಮೂವರು ಹೆಣ್ಣುಮಕ್ಕಳ ಕುಲಾಯಿಗಳ ನೆತ್ತಿಯನ್ನು ಬಾಣಂತಿ ಕೋಣೆಯಲ್ಲಿ ಕೂತು ತಾವೇ ಮುಚ್ಚಿದರು. ಮೂವರೂ ಈಗ ಗಂಡನ ಮನೆಯಲ್ಲಿದ್ದಾರೆ.

ಒಳಗೆ ಒಂದು ತಗಡಿನ ಪೆಟ್ಟಿಗೆ ಇದೆ. ಸುದ್ದಿ ಒಳ್ಳೆಯದಾಗಿ ಬರದ ಕುಲಾಯಿಗಳು ಅದರಲ್ಲಿವೆ, ಹಳದಿ ದಾರ ಹಾಗೆಯೇ ಜೋತಾಡುತ್ತಿರುವಂತೆ. ಒಟ್ಟು ಹನ್ನೊಂದು. ಅವುಗಳನ್ನು ಬಿಚ್ಚಿ ಉಣ್ಣೆಯನ್ನು ಬೇರೆಯದಕ್ಕೆ ಬಳಸುವುದಿಲ್ಲ. ಒಮ್ಮೆ ಹೆಣೆದದ್ದನ್ನು ಬಿಚ್ಚಬಾರದು ಎಂಬುದು ಅವರ ಇನ್ನೊಂದು ನೇಮ. ಅನ್ನವ್ವನ ಮೊದಲ ಕೂಸಿನದು, ತಿಳಿಗುಲಾಬಿ ಬಣ್ಣದ್ದು, ಅಲ್ಲಿಯೇ ಇದೆ.

ಇಷ್ಟು ತಿಳಿದ ಮೇಲೆ ಸುಮ್ಮನಿರಬೇಕಿತ್ತು. ನೆತ್ತಿ ಮುಚ್ಚುವುದು ಹೇಗೆ, ಒಂದಿಷ್ಟು ತೋರಿಸುತ್ತೀರಾ ಎಂದು ಕೇಳಿದೆ. ಆಗ ಹೊತ್ತು ಏಳಾಗಿರಬೇಕು. ಹಸಿರು ಕುಲಾಯಿ ಇಪ್ಪತ್ತೆರಡನೆಯ ಸುತ್ತು ಮುಗಿಸಿ, ಹನ್ನೆರಡು ಕುಣಿಕೆಯೊಂದಿಗೆ ಅವರ ಎಡಗೈಯ ಬೆರಳ ಮೇಲೆ ಕೂತಿತ್ತು. ದೂರದಲ್ಲಿ ಮೊದಲ ಬಸ್ಸಿನ ಸದ್ದು ಕೇಳಿಸಿ ಮರಿಯಮಬಿ ಕತ್ತೆತ್ತಿದರು. "ಹಿಂಗ ದಾರಾ ಪೋಣಿಸೂದು. ಹಿಂಗ ಎಳಿಯೂದು..." ಎನ್ನುತ್ತ ಹೋದರು. ಕೈಗೆ ಮೂವತ್ತೊಂದು ವರ್ಷದ ರೂಢಿ. ಎಳೆಯಿತು, ಎರಡು ಸುತ್ತು ಗಂಟು ಹಾಕಿತು. ಹಲ್ಲು ದಾರ ಕಡಿಯಿತು.

ಬಸ್ಸು ನಿಲ್ಲದೆ ಹೋಯಿತು. ಮರಿಯಮಬಿ ಕೈಯಲ್ಲಿದ್ದದ್ದನ್ನು ನೋಡಿದರು. ಹಸಿರು ನೆತ್ತಿ, ನಡುವೆ ಹಳದಿ ಗಂಟು, ಗುಂಡಗೆ, ಬಿಗಿಯಾಗಿ.

"ಯಾ ಅಲ್ಲಾ" ಎಂದರು, ಬಹಳ ಮೆಲ್ಲಗೆ.

ನಬೀಸಾಬರು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ಕೆಳಗಿಟ್ಟು ಬಂದು ನೋಡುತ್ತಾರೆ. ಹೆಂಡತಿಯ ಮುಖ ನೋಡಿದ ಮೇಲೆ ಅವರಿಗೂ ಹಾಸ್ಯ ಹೊಳೆಯುವುದಿಲ್ಲ. "ಯಾರಿಗೆ ಗೊತ್ತಾಗತೈತಿ? ಗಂಟ ಕೊಯ್ದು ಬಿಡು."

"ಮುಚ್ಚಿದ್ದ ನೆತ್ತಿ ಕೊಯ್ಯು ಅಂತೀರಿ?"

"ತಪ್ಪಾತು. ಹಂಗಾರ ಹಂಗ ಇಡು."

"ಹಂಗ ಹೆಂಗ ಇಡ್ಲಿ? ಅಲ್ಲಿ ಆ ಹುಡುಗಿ ಇನ್ನೂ ತಿಣಕಾಕತ್ತಾಳ."

ಬಿಡುವಂತಿಲ್ಲ, ಬಿಚ್ಚುವಂತಿಲ್ಲ. ಕೊನೆಗೆ ಒಳಗೆ ಹೋಗಿ, ಯಮನೂರಿನ ಯಾರಿಗೋ ಮಾಡಿಟ್ಟ ಬೊಂಬೆಯೊಂದನ್ನು ತರುತ್ತಾರೆ. ಕೆಂಪು ಲಂಗದ, ಹತ್ತಿ ತುಂಬಿದ ಬೊಂಬೆ. ಕಣ್ಣು ಇನ್ನೂ ಹೊಲಿದಿಲ್ಲ. ಅದರ ತಲೆಗೆ ಕುಲಾಯಿ ತೊಡಿಸಿ ಲಾಡಿ ಕಟ್ಟುತ್ತಾರೆ. ದೊಡ್ಡದು, ಮೂಗಿನವರೆಗೆ ಇಳಿಯುತ್ತದೆ. "ಇದು ಇಕಿಗೆ ಹೆಣದದ್ದು" ಎಂದು ಗಟ್ಟಿಯಾಗಿ ಹೇಳುತ್ತಾರೆ, ಯಾರಿಗೋ ಕೇಳಲಿ ಎನ್ನುವಂತೆ. "ಇಕಿ ನೆತ್ತಿ ಮುಚ್ಚಿದ್ರ ಏನಾಗೂದಿಲ್ಲ." ನಂತರ ಉಳಿದ ಹಸಿರು ಉಣ್ಣೆಯಲ್ಲಿ ಮತ್ತೆ ಅಂಚು ಶುರು ಮಾಡುತ್ತಾರೆ. ಅರವತ್ತನಾಲ್ಕು ಕುಣಿಕೆ. ಎರಡು ಸಲ ಎಣಿಕೆ ತಪ್ಪುತ್ತದೆ.

ಒಂಬತ್ತಕ್ಕೆ ಎದುರುಮನೆಯ ಗೌರಕ್ಕ ಬರುತ್ತಾರೆ. ಈರಬಸಪ್ಪನವರ ತಾಯಿ, ಅನ್ನವ್ವನ ಅಜ್ಜಿ. ಮನೆಯವರೆಲ್ಲ ದವಾಖಾನೆಯಲ್ಲಿದ್ದಾರೆ, ಒಬ್ಬರೇ ಕೂರಲಾರದೆ ಕೋಲೂರಿಕೊಂಡು ಬಂದಿದ್ದಾರೆ. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಹಣೆಯ ತುಂಬ ವಿಭೂತಿ. ಕಟ್ಟೆಯ ಮೇಲೆ ಕೂರುವ ಮೊದಲೇ ಅವರ ಕಣ್ಣು ಬೊಂಬೆಯ ಮೇಲೆ ಬೀಳುತ್ತದೆ. ಆ ಉಣ್ಣೆಯನ್ನು ಹುಬ್ಬಳ್ಳಿಯಿಂದ ತರಿಸಿಕೊಟ್ಟವರು ಅವರೇ.

"ನಮ್ಮ ಉಣ್ಣಿ ಅಲ್ಲೇನಬೇ ಅದು?"

ಸುಳ್ಳು ಹೇಳಬಹುದಿತ್ತು. ಮರಿಯಮಬಿ ಸೂಜಿ ಕೆಳಗಿಡುತ್ತಾರೆ. "ಗೌರಕ್ಕಾ, ನನ್ನ ಕೈ ತಪ್ಪೇತಿ. ಮಾತಿನ್ಯಾಗ ನೆತ್ತಿ ಮುಚ್ಚಿಬಿಟ್ಟೆ."

ಮುದುಕಿ ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ. "ಮೂವತ್ತ ವರ್ಷ ತಪ್ಪದ ಕೈ ಇವತ್ತ ತಪ್ಪಬೇಕಾಗಿತ್ತೇನ? ನನ್ನ ಮಮ್ಮಗಳಿಗೇ ತಪ್ಪಬೇಕಾಗಿತ್ತ? ಮಾತಂತ, ಮಾತು! ಬಾಯಿ ಹೊಲಕೊಳ್ಳಾಕ ನಿನಗ ದಾರ ಸಿಗಲಿಲ್ಲೇನ?"

ತೋರಿಸಿ ಎಂದು ಕೇಳಿದ ನನ್ನದೇ ತಪ್ಪು ಎಂದು ನಾನು ಹೇಳಹೊರಟರೆ ಮರಿಯಮಬಿ ಕೈಯೆತ್ತಿ ತಡೆಯುತ್ತಾರೆ. ಏನಾದರೂ ಕೆಟ್ಟ ಸುದ್ದಿ ಬಂದರೆ ಈ ಓಣಿ ಏನನ್ನುತ್ತದೆ ಎಂದು ಅವರಿಗೆ ಗೊತ್ತು. ನಾಳೆಯಿಂದ ಉಣ್ಣೆ ಹಿಡಿದುಕೊಂಡು ಈ ಕಟ್ಟೆಗೆ ಯಾರೂ ಬರಲಾರರು. ಆದರೆ ಆ ಹೊತ್ತಿನಲ್ಲಿ ಅವರ ಮುಖದ ಮೇಲಿರುವುದು ಆ ಭಯವಲ್ಲ. ಕಣ್ಣು ಮತ್ತೆ ಮತ್ತೆ ಒಳಗಿನ ಪೆಟ್ಟಿಗೆಯ ಕಡೆ ಹೋಗುತ್ತದೆ.

ಗೌರಕ್ಕ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗುವುದಿಲ್ಲ. ಮೂತಿ ತಿರುಗಿಸಿ ಅಲ್ಲಿಯೇ ಕೂರುತ್ತಾರೆ. ಹತ್ತಾಗುತ್ತದೆ, ಹನ್ನೊಂದಾಗುತ್ತದೆ. ಹಸಿರು ಉಣ್ಣೆ ಒಂದು ಕಡೆ ಸಿಕ್ಕುಗಟ್ಟಿಕೊಳ್ಳುತ್ತದೆ. ಮುದುಕಿ ಕೈಚಾಚಿ ಅದನ್ನು ತೆಗೆದುಕೊಂಡು, ಸಿಕ್ಕು ಬಿಡಿಸಿ, ಉಂಡೆ ಸುತ್ತಿ ಕೊಡುತ್ತಾರೆ. ಒಬ್ಬರು ಹೆಣೆಯುತ್ತಾರೆ, ಇನ್ನೊಬ್ಬರು ಉಣ್ಣೆ ಬಿಡುತ್ತಾರೆ. ಇಬ್ಬರ ನಡುವೆ ಕಣ್ಣಿಲ್ಲದ ಬೊಂಬೆ ಹಸಿರು ಕುಲಾಯಿ ಹಾಕಿಕೊಂಡು ಕೂತಿದೆ.

ಒಂದು ಗಂಟೆಯ ಬಸ್ಸಿನಿಂದ ಈರಬಸಪ್ಪ ಇಳಿಯುತ್ತಾರೆ. ಇಲ್ಲಿಂದಲೇ ಕಾಣುತ್ತದೆ, ಕೈಯಲ್ಲಿ ಸಕ್ಕರೆಯ ಪುಡಿಕೆ ಇಲ್ಲ. ಕೂಸು ಹುಟ್ಟಿದ ಸುದ್ದಿ ತರುವವರು ಬರಿಗೈಯಲ್ಲಿ ಬರುವುದಿಲ್ಲ. ಮರಿಯಮಬಿಯ ಸೂಜಿ ನಿಂತಿದೆ.

"ಏನಾತೋ?" ಮುದುಕಿ ಕೂಗುತ್ತಾರೆ. "ಸಕ್ರಿ ಎಲ್ಲೈತೋ?"

"ಸಕ್ರಿ ನೆಪ್ಪ ಯಾರಿಗೈತಿ ಬೇ!" ಈರಬಸಪ್ಪ ಏದುಸಿರು ಬಿಡುತ್ತಾರೆ. "ಹೆಣ್ಣು. ಒಂಬತ್ತೂವರಿಗೆ ಹಡದ್ಲು. ಅನ್ನವ್ವ ಆರಾಮ ಅದಾಳ. ಕೂಸು ಅಗದಿ ಸಣ್ಣದೈತಿ, ನಾಕ ಪೌಂಡೂ ತುಂಬಿಲ್ಲ. ಅಳೂ ದನಿ ಬೆಕ್ಕಿನ ಮರಿ ಹಂಗ ಐತಿ. ತಲಿ ಬೆಚ್ಚಗ ಇಡ್ರಿ, ತಲಿ ತಣ್ಣಗಾದ್ರ ನನ್ನ ಕೈಯಾಗ ಇಲ್ಲ ಅಂದಾಳ ಡಾಕ್ಟರಬಾಯಿ. ಕುಲಾಯಿ ಕೊಡ್ರಿ ಮರಿಯಮಬಿ, ಲಗೂನ. ಬಸ್ಸು ತಿರುಗಿ ಹೊಂಟೈತಿ."

ಹೊಸ ಕುಲಾಯಿ ಒಂಬತ್ತು ಸುತ್ತು ಮಾತ್ರ ಆಗಿದೆ. ಮರಿಯಮಬಿ ಅದನ್ನು ಎತ್ತಿ ಹಿಡಿಯುತ್ತಾರೆ, ಇಳಿಸುತ್ತಾರೆ. ಬೊಂಬೆಯ ಕಡೆ ನೋಡುತ್ತಾರೆ, ಆದರೆ ಮುಟ್ಟುವುದಿಲ್ಲ. ಬಸ್ಸು ಆಲದ ಮರದ ಬಳಿ ಹೊರಳಿ ನಿಂತು ಹಾರ್ನು ಹೊಡೆಯುತ್ತದೆ.

ಗೌರಕ್ಕ ಬೊಂಬೆಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಲಾಡಿ ಬಿಚ್ಚಿ, ಕುಲಾಯಿ ತೆಗೆದು, ಸೆರಗಿನಿಂದ ಒಮ್ಮೆ ಝಾಡಿಸುತ್ತಾರೆ.

"ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕತಾರೇನಬೇ?" ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ. "ತೊಟ್ಟಲದಾಗ ಹಾಕೂತನಕ ಹಳೇದ ಹಾಕಬೇಕು. ಮತ್ತೊಬ್ರು ಉಟ್ಟಿದ್ದು, ತೊಟ್ಟಿದ್ದು. ಇದು ಬೊಂಬಿ ಹಾಕ್ಕೊಂಡಿದ್ದು. ಮುಂಜಾನಿಂದ ನಾನ ನೋಡಾಕತ್ತೀನಿ. ಹಳೇದಾತು. ತಗೋ, ಓಡು."

ಈರಬಸಪ್ಪ ಕುಲಾಯಿಯನ್ನು ಅಂಗಿಯ ಒಳಗೆ, ಎದೆಗೆ ಒತ್ತಿ ಇಟ್ಟುಕೊಂಡು ಓಡುತ್ತಾರೆ. ಬಸ್ಸು ಧೂಳೆಬ್ಬಿಸಿ ಹೋಗುತ್ತದೆ. ನಂತರ ಮರಿಯಮಬಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. "ಅಳೂದು ಆಮ್ಯಾಲೆ" ಎಂದು ಗೌರಕ್ಕ ಗದರುತ್ತಾರೆ. "ಒಂಬತ್ತ ದಿನ ದಾಟಲಿ. ನೀ ಹೆಣಿ."

ಎರಡನೆಯ ಕುಲಾಯಿ ಮಾರನೆಯ ದಿನ ಮುಗಿಯಿತು. ಹನ್ನೆರಡು ಕುಣಿಕೆ, ಹಳದಿ ದಾರ, ಗೋಡೆಯ ಮೊಳೆ. ಒಂಬತ್ತನೆಯ ದಿನ ಮರಿಯಮಬಿ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲವಂತೆ. ನಬೀಸಾಬರು ಹೋಟೆಲಿನಿಂದ ಚುರಮುರಿ ತಂದು ತಿಂದರಂತೆ.

ಇವತ್ತು ಹದಿಮೂರನೆಯ ದಿನ. ಮತ್ತೆ ಬೆಳಗಿನ ಹೊತ್ತು, ಅದೇ ಕಟ್ಟೆ. ಎದುರುಮನೆಯ ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದಾರೆ. ಒಳಗೆ ತೊಟ್ಟಿಲಿಗೆ ಹಗ್ಗ ಬಿಗಿಯುವ ಸದ್ದು. ಬೆಕ್ಕಿನ ಮರಿಯಂಥ ಆ ದನಿ ಈಗ ರಸ್ತೆಯ ಈಚೆಗೂ ಕೇಳಿಸುತ್ತದೆ. ಮರಿಯಮಬಿ ಮೊಳೆಯಿಂದ ಕುಲಾಯಿ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ನಿಮ್ಮದೊಂದು ಆಸೆ ಏನು ಎಂದು ಕೇಳಲು ಬಾಯಿ ತೆರೆದಿದ್ದೆ.

"ಅಕ್ಕಾರ, ಒಂದ ಗಳಿಗಿ ಏನೂ ಕೇಳಬ್ಯಾಡ್ರಿ" ಎನ್ನುತ್ತಾರೆ.

ದಾರ ಎಳೆಯುತ್ತಾರೆ. ಹನ್ನೆರಡು ಕುಣಿಕೆ ಒಂದಾಗಿ ಕೂಡುತ್ತವೆ. ಒಂದು ಸುತ್ತು, ಎರಡು ಸುತ್ತು, ಗಂಟು. ದಾರವನ್ನು ಹಲ್ಲಿನಿಂದ ಕಡಿದು, ಮುಚ್ಚಿದ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತಲೆಯೆತ್ತುತ್ತಾರೆ.

"ಹೂಂ. ಈಗ ಕೇಳ್ರಿ."