ಅಕ್ಕನ ಹೊಟ್ಟೆ, ನಿಂಗಮ್ಮನ ಸಾರು

ನನ್ನ ವಾರಗಿತ್ತಿ ಪುಟ್ಟತಾಯಮ್ಮ ಯಾರ ಮನೆಗೆ ಹೋದರೂ ಹೊಸಿಲು ದಾಟುವ ಮೊದಲೇ ಗಟ್ಟಿಯಾಗಿ ಕೇಳುತ್ತಿದ್ದಳು: "ಕಕ್ಕಸು ಎಲ್ಲದೆ ಕಣ್ರವ್ವಾ?" ಕ್ಷೇಮಸಮಾಚಾರವೆಲ್ಲ ಆಮೇಲೆ. ಮದುವೆಮನೆಯ ಪಂಕ್ತಿಯಲ್ಲಿ ಬಾಗಿಲಿಗೆ ಹತ್ತಿರದ ಕೊನೆಯ ಎಲೆ ಅವಳದು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಅವಳದು. ನಂಜನಗೂಡಿನಿಂದ ನರಸೀಪುರದವರೆಗೆ ಎಲ್ಲೆಲ್ಲಿ ಇಳಿದು ಓಡಬಹುದು ಎಂಬುದು ಕಂಡಕ್ಟರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳೇ, ನಾನು ಅಕ್ಕ ಎಂದೂ ನೀವು ದೊಡ್ಡಜ್ಜಿ ಎಂದೂ ಕರೆಯುತ್ತಿದ್ದದ್ದು ಇವಳನ್ನೇ. ನಿಮಗೆ ನೆನಪಿರುವುದು ಅವಳ ನಗು. ಅವಳ ಹೊಟ್ಟೆಯ ಕಥೆ ನಿಮಗೆ ಗೊತ್ತಿಲ್ಲ.

ನಾನು ಮಾತಿಗೆ ಹಿಂಜರಿಯುವವಳು. ನಮ್ಮೂರ ಶಾಲೆಯಲ್ಲಿ ಓದಿದಷ್ಟು ಕಾಲವೂ ಮೇಷ್ಟರು ನನ್ನ ದನಿ ಕೇಳಿದ್ದು ಹಾಜರಿ ಹೇಳುವಾಗ ಮಾತ್ರ. ಅಕ್ಕ ಜಗಲಿಯ ಮೇಲೆ ಕೂತು ಹೊಟ್ಟೆಯ ವಿಚಾರ ತೆಗೆದರೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದೆ. "ನಿಂಗ್ಯಾಕೇ ನಾಚ್ಕೆ? ವಟ್ಟೆ ನಂದಲ್ವಾ?" ಎಂದು ಹಿಂದಿನಿಂದ ಕೂಗುತ್ತಿದ್ದಳು.

ಆ ಹೊಟ್ಟೆಗೆ ಒಂದು ನೇಮ ಇರಲಿಲ್ಲ. ಒಂದು ದಿನ ಉಬ್ಬರ, ಒಂದು ದಿನ ನುಲಿತ, ಒಂದು ದಿನ ಬೆಳಗಿನಿಂದ ಓಡಾಟ, ಆಮೇಲೆ ಕೆಲವು ದಿನ ಏನೆಂದರೆ ಏನೂ ಇಲ್ಲ. "ಮಳೆನಾದ್ರೂ ಮೋಡ ತೋರ್ಸಿ ಬತ್ತದೆ, ಇದು ತೋರ್ಸದೆ ಬತ್ತದೆ" ಎನ್ನುತ್ತಿದ್ದಳು. ಊರಿನವರಿಗೆ ಬುದ್ಧಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊಟ್ಟೆ ಎಲ್ಲಿ ಸಿಕ್ಕೀತು? ಒಬ್ಬಳು ಅವರೆಕಾಳು ಬಿಡು ಎಂದಳು, ಅಕ್ಕ ಬಿಟ್ಟಳು. ಇನ್ನೊಬ್ಬಳು ಹಾಲು ಎಂದಳು, ಅದೂ ಹೋಯಿತು. ಬದನೆಕಾಯಿ ನಂಜು, ಬಾಳೆಹಣ್ಣು ಶೀತ, ಈರುಳ್ಳಿ ವಾಯು. ಕೊನೆಗೆ ಪಕ್ಕದ ಮನೆಯ ಮುದುಕಿ "ರಾಗಿ ಒರಟು ಕಣವ್ವ, ಕರುಳು ಕೆರೀತದೆ" ಎಂದು ಮುದ್ದೆಯನ್ನೂ ಬಿಡಿಸಿದಳು. ಉಳಿದದ್ದು ಅನ್ನ, ಉಪ್ಪು, ಜೀರಿಗೆ ನೀರು. ಅಕ್ಕ ಎಷ್ಟು ಸೊರಗಿದಳೆಂದರೆ ಅವಳ ರವಿಕೆಯೊಳಗೆ ಇನ್ನೊಬ್ಬಳು ಹಿಡಿಸುತ್ತಿದ್ದಳು. "ಎಲ್ಲಾನೂ ಬುಟ್ಟಾಯ್ತು. ಇನ್ ನನ್ನನ್ನೇ ನಾನ್ ಬುಡ್ಬೇಕು, ಅಷ್ಟೇ ಉಳ್ದಿರದು" ಎಂದು ನಗುವಾಗ ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನನಗೆ ಹೆದರಿಕೆಯಾಯಿತು. ನಂಜನಗೂಡಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಏನಮ್ಮ ತೊಂದರೆ?" ಎಂದರು ಅವರು.

"ಯಾವತ್ತಿನದು ಏಳ್ಲಿ ಸಾ? ನಿನ್ನೇದಾ, ಇವತ್ತಿಂದಾ?"

ಆಮೇಲೆ ಶುರುವಾಯಿತು ನೋಡಿ. ಬಣ್ಣ, ಸದ್ದು, ಹೊತ್ತು, ಒಂದನ್ನೂ ಬಿಡಲಿಲ್ಲ. ನಾನು ನೆಲದ ಟೈಲ್ಸು ನೋಡುತ್ತಾ ಕೂತಿದ್ದೆ. ಪರದೆಯ ಆಚೆ ಕಾದಿದ್ದವರೆಲ್ಲ ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಂದಲೇ ಒಬ್ಬ ಗಂಡಸು ಕೂಗಿದ: "ನಂಗೂ ಇಂಗೇ ಆಯ್ತದೆ ಸಾ, ಔಸ್ದಿ ಇಬ್ರಿಗೂ ಒಟ್ಗೇ ಬರ್ದ್‌ಬುಡಿ!"

ಇಷ್ಟು ಸೊರಗಿದ್ದಾಳಲ್ಲ ಎಂದು ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರು. ಕೆಟ್ಟದ್ದು ಏನೂ ಸಿಗಲಿಲ್ಲ. "ಇದಕ್ಕೆ ಐಬಿಎಸ್ ಅಂತಾರೆ. ಕರುಳು ಮುಂಗೋಪಿ, ಸಣ್ಣದಕ್ಕೂ ರೇಗುತ್ತೆ. ನೀವು ಸೊರಗಿರೋದು ಉಣ್ಣದೇ ಇದ್ದದ್ದಕ್ಕೆ" ಎಂದರು.

"ಇನ್ನೇನೇನ್ ಬುಡ್ಬೇಕು ಸಾ?"

"ಬಿಡೋದಕ್ಕೆ ನಿಮ್ಮ ಹತ್ತಿರ ಇನ್ನೇನಮ್ಮ ಇದೆ? ಇಂಥದ್ದೇ ಆಗಲ್ಲ ಅಂತ ಎಲ್ಲರಿಗೂ ಹೇಳೋಕಾಗಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಒಗ್ಗುತ್ತೆ. ಬಿಟ್ಟದ್ದನ್ನ ಒಂದೊಂದಾಗಿ ವಾಪಸ್ ತನ್ನಿ. ಸ್ವಲ್ಪ ತಿನ್ನಿ, ಕೆಲವು ದಿನ ನೋಡಿ. ರೇಗಿದರೆ ಅದನ್ನಷ್ಟೇ ದೂರ ಇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಇನ್ನೊಂದು, ಮನಸ್ಸಿಗೆ ದಿಗಿಲಾದರೂ ಅದು ರೇಗುತ್ತೆ, ತಿಳೀತಾ?"

ನಮ್ಮ ಮನೆಯಲ್ಲಿ ಅಷ್ಟು ಸಂತೋಷದ ಅಡುಗೆ ಇನ್ಯಾವತ್ತೂ ಆಗಿಲ್ಲ. ಮೊದಲು ವಾಪಸ್ ಬಂದದ್ದು ಮುದ್ದೆ. ಸೊಪ್ಪಿನ ಸಾರಿನ ಜೊತೆ ಅರ್ಧ ಮುದ್ದೆ ನುಂಗಿ ಅಕ್ಕ ಹಿತ್ತಲ ಬಾಗಿಲಲ್ಲಿ ನೆಂಟರಿಗೆ ಕಾಯುವಂತೆ ಕಾದಳು. ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬೀದಿಯ ಉದ್ದಕ್ಕೂ ನಡೆದು, "ಮುದ್ದೆ ಪಾಸಾಯ್ತು ಕಣ್ರವ್ವಾ!" ಎಂದು ಸಾರಿಬಿಟ್ಟಳು. ಬದನೆಕಾಯಿ ಪಾಸು. ಮಜ್ಜಿಗೆ ಪಾಸು, ಹಾಲು ಫೇಲು. ಈರುಳ್ಳಿ ಫೇಲು, ಅಲಸಂದೆ ಫೇಲು. ಅವರೆಕಾಳಿಗೆ ಮನೆಮಂದಿಯೆಲ್ಲ ಕೈಮುಗಿದುಕೊಂಡು ಕೂತಿದ್ದೆವು, ಅಷ್ಟು ಆಸೆ ಅವಳಿಗೆ. ಅದೂ ಫೇಲಾಯಿತು. ಹಿತ್ತಲಿಗೆ ಓಡುತ್ತಲೇ ಕೂಗಿದಳು: "ಓಗ್ಲಿ ಬುಡು, ಬರೋ ವರ್ಸ ಇನ್ನೊಂದ್ ಸಲ ಕಟ್ತೀನಿ!"

ಇಷ್ಟು ಬಾಯಿಬಿಚ್ಚಿ ಮಾತಾಡುವವಳು ಒಂದೇ ಒಂದು ಮನೆಯಲ್ಲಿ ಮೂಕಿಯಾಗುತ್ತಿದ್ದಳು. ಅದು ನರಸೀಪುರದ ಆಚೆ, ಹೆಮ್ಮಿಗೆಯಲ್ಲಿ, ಅವಳ ಮಗಳು ರತ್ನಳನ್ನು ಕೊಟ್ಟ ಮನೆ. "ಹೆಣ್ ಕೊಟ್ಟಿರೋ ಮನೆ ಕಣೇ. ಅವ್ವನ ಕರುಳೇ ಕೆಟ್ಟದೆ ಅಂದ್ರೆ ಮಗಳದ್ದೂ ಅಷ್ಟೇ ಅಂದ್ಕತಾರೆ. ಬಾಯ್ಬುಟ್ಟೀಯೆ ಜೋಕೆ!" ಎಂದು ನನ್ನಿಂದಲೂ ಆಣೆ ಹಾಕಿಸಿಕೊಂಡಿದ್ದಳು.

ರತ್ನಳ ಅತ್ತೆ ನಿಂಗಮ್ಮ ಧಾರಾಳದ ಕೈಯವಳು. ಬೀಗಿತಿ ಬಂದಳೆಂದರೆ ಕೋಳಿ ಕುಯ್ದು, ಈರುಳ್ಳಿ ಹುರಿದು ಖಾರ ಅರೆದು ಸಾರು ಮಾಡುತ್ತಿದ್ದಳು. ಅಕ್ಕ ಮೊದಲ ಸಲ ಹೋದಾಗ, "ಇವತ್ತು ಸೋಮ್ವಾರ, ನಂಜುಂಡೇಶ್ವರನ ಒಪ್ಪತ್ತು" ಎಂದು ತಪ್ಪಿಸಿಕೊಂಡಳು. ಮುಂದಿನ ಸಲ ಶನಿವಾರ, ತಿಮ್ಮಪ್ಪನ ಒಪ್ಪತ್ತು. ಅದರ ಮುಂದಿನ ಸಲ ಬುಧವಾರ. ಯಾವ ದೇವರೂ ತೋಚದೆ ಹರಕೆ ಎಂದಳು. ನಿಂಗಮ್ಮನಿಗೆ ಉರಿಯಿತು. "ನಿಮ್ ದೇವ್ರುಗಳೆಲ್ಲ ನಮ್ಮನೆಗೆ ಬಂದಾಗ್ಲೇ ಎದ್ದು ಕೂತ್ಕತವಲ್ಲವ್ವ!" ಎಂದಳು. ನಮ್ಮ ಕಡೆ, ಹೆಣ್ಣು ಕೊಟ್ಟ ಮನೆಯಲ್ಲಿ ಉಣ್ಣದೆ ಎದ್ದು ಬಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಆಮೇಲೆ ರತ್ನ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಿಂಗಮ್ಮ ಹೇಳಿ ಕಳಿಸಿದಳು: "ನಮ್ಮನೆ ತುತ್ತು ಮುಟ್ಟದೋರ ಮನೆಗೆ ನನ್ ಸೊಸೇನ ಯಾಕ್ ಕಳಿಸ್ಲಿ?" ರತ್ನ ಫೋನಿನಲ್ಲಿ ಅತ್ತಳು. ಅಕ್ಕ ಫೋನಿಟ್ಟವಳೇ ಹಿತ್ತಲಿಗೆ ಹೋದಳು. ದಿಗಿಲಿಗೂ ರೇಗುತ್ತೆ ಎಂದಿದ್ದರಲ್ಲ ಡಾಕ್ಟರು, ಹಾಗೇ ಆಯಿತು.

ರತ್ನಳನ್ನು ಕರೆದುಕೊಂಡು ಬರಲು ನಾವಿಬ್ಬರೇ ಹೊರಟೆವು. ನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ಹೆಮ್ಮಿಗೆಯಲ್ಲಿ ನಿಂಗಮ್ಮ ದೇವರ ನೆಪಕ್ಕೆ ಜಾಗವೇ ಇರದಂತೆ ಕೋಳಿ ಬಿಟ್ಟು ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಬಿಸಿ ಮುದ್ದೆ, ಅದರ ಸುತ್ತ ಸಾರು, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ, ಲೋಟದ ತುಂಬ ಹಾಲು. ಫೇಲಾದದ್ದೆಲ್ಲ ಒಂದೇ ತಟ್ಟೆಯ ಸುತ್ತ ಸೇರಿತ್ತು. ನಿಂಗಮ್ಮ ಸೌಟು ಹಿಡಿದು ಎದುರಿಗೇ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ರತ್ನ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವ್ವನನ್ನೇ ನೋಡುತ್ತಿದ್ದಳು.

ಅಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಉಂಡ್ಬುಡ್ತೀನಿ, ಆಗದ್ದಾಗ್ಲಿ" ಎಂದು ನನಗಷ್ಟೇ ಕೇಳುವಂತೆ ಪಿಸುಗುಟ್ಟಿ ಮುದ್ದೆ ಮುರಿದಳು.

"ಅಕ್ಕಾ, ಕೈ ತೆಗಿ!"

ಹೇಳಿದ್ದು ನಾನೇ. ಆ ದನಿ ಎಲ್ಲಿತ್ತೋ. ನಿಂಗಮ್ಮನ ಮುಖ ನೋಡಲಾರದೆ ಅವಳ ಕೈಯ ಸೌಟು ನೋಡುತ್ತಾ ಒಂದೇ ಉಸಿರಿಗೆ ಹೇಳಿದೆ: "ಅವಳ್ಗೆ ಅವರೆ ಆಗಲ್ಲ. ಈರುಳ್ಳಿ ಆಗಲ್ಲ, ಹಾಲೂ ಆಗಲ್ಲ. ತಿಂದ್ರೆ ನುಲ್ಕಂಡು ನುಲ್ಕಂಡು ಓಡ್ತಾಳೆ. ಕೆಟ್ಟ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಏಳವ್ರೆ. ನಿಮ್ಮನೆ ಅನ್ನದ ಮೇಲೆ ತಾತ್ಸಾರ ಇಲ್ಲ ಕಣವ್ವ, ಏಳೋಕೆ ನಾಚ್ಕೆ. ರತ್ನಂಗೆ ಇದೇನೂ ಇಲ್ಲ, ಅವ್ಳು ಕಲ್ ತಿಂದ್ರೂ ಅರಗಿಸ್ಕತಾಳೆ."

ನಿಂಗಮ್ಮ ಸೌಟು ಕೆಳಗಿಟ್ಟಳು. "ಇಷ್ಟೇನಾ?" ಎಂದಳು. ಅಕ್ಕನ ಕಡೆ ತಿರುಗಿ ಬೈಯುವುದಕ್ಕೆ ಶುರು ಮಾಡಿದಳು. "ಅಲ್ಲ ಕಣಮ್ಮೀ, ಈವಮ್ಮಂಗೆ ಕೊಬ್ಬು ಅಂತ ಊರೆಲ್ಲ ಏಳ್ಕಂಡ್ ಬಂದಿವ್ನಿ. ಈಗ ಮನೆಮನೆಗೂ ಓಗಿ, ಕೊಬ್ಬಲ್ಲ ಕಣ್ರವ್ವಾ, ವಟ್ಟೆ ಅಂತ ಏಳ್ಬೇಕಾ ನಾನು?"

ಅಕ್ಕನ ಮುಖಕ್ಕೆ ಬಣ್ಣ ಬಂತು. "ಅದ್ ಆಮೇಲ್ ಏಳೀವಂತೆ. ಮೊದ್ಲು ಕಕ್ಕಸು ಎಲ್ಲದೆ ತೋರ್ಸವ್ವ!" ಎಂದಳು.

ನಿಂಗಮ್ಮ ನಕ್ಕ ನಗುವಿಗೆ ಪಕ್ಕದ ಮನೆಯವರು ಏನಾಯಿತೆಂದು ಬಂದು ಇಣುಕಿದರು. ಅಕ್ಕ ಹಿತ್ತಲಿನಿಂದ ಬರುವಷ್ಟರಲ್ಲಿ ದಂಟಿನ ಸೊಪ್ಪು ಬೇಯುತ್ತಿತ್ತು, ಜೀರಿಗೆ ಮೆಣಸು ಅರೆದಾಗಿತ್ತು. ಆ ಮನೆಯಲ್ಲಿ ಅವಳು ಮೊದಲ ಸಲ ಹೊಟ್ಟೆ ತುಂಬ ಉಂಡಳು. ಮಾರನೆಯ ಬೆಳಿಗ್ಗೆ ರತ್ನಳ ಬ್ಯಾಗನ್ನು ನಿಂಗಮ್ಮನೇ ಬಸ್ಸಿಗೆ ಹತ್ತಿಸಿ, "ಬಾಗ್ಲು ಪಕ್ಕದ್ ಸೀಟು ನಮ್ ಬೀಗಿತೀಗೆ ಬುಡ್ರಪ್ಪಾ, ಅವ್ರ್‌ದು ಅರ್ಜೆಂಟ್ ಕರುಳು!" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು. ನಾನು ಸೆರಗು ಹುಡುಕಿಕೊಂಡೆ.

ಆಮೇಲೆ ಅಕ್ಕ ಹೆಮ್ಮಿಗೆಗೆ ನೆಪ ಇದ್ದರೂ ಹೋದಳು, ಇಲ್ಲದಿದ್ದರೂ ಹೋದಳು. ಮೊಮ್ಮಗನನ್ನು ನೋಡಲು ಎನ್ನುತ್ತಿದ್ದಳು. ಅಲ್ಲಿ ಬೀಗಿತಿಯರಿಬ್ಬರೂ ಮಗುವನ್ನು ರತ್ನಳ ಕೈಗೆ ಕೊಟ್ಟು ಹರಟೆಗೆ ಕೂರುತ್ತಿದ್ದರು. ನಿಂಗಮ್ಮ ಸಾರಿಗೆ ಈರುಳ್ಳಿ ಒಗ್ಗರಣೆ ಕೊಡುವ ಮೊದಲು ಅಕ್ಕನ ಪಾಲನ್ನು ಒಂದು ಪುಟ್ಟ ಪಾತ್ರೆಗೆ ತೆಗೆದಿಡುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಅಕ್ಕ ಎದೆನೋವು ಬಂದು ತೀರಿಕೊಂಡಳು. ಅದಕ್ಕೂ ಹೊಟ್ಟೆಗೂ ಸಂಬಂಧವಿರಲಿಲ್ಲ.

ಮೊನ್ನೆ ನಾನೊಬ್ಬಳೇ ಹೆಮ್ಮಿಗೆಗೆ ಹೋಗಿದ್ದೆ. ನಿಂಗಮ್ಮನಿಗೆ ಈಗ ಕಣ್ಣು ಮಂಜು, ಆದರೂ ಒಲೆ ಬಿಡುವುದಿಲ್ಲ. ಸಾರು ಕುದಿಯಿತು. ಒಗ್ಗರಣೆಗೆ ಮೊದಲು ಎರಡು ಸೌಟು ಪುಟ್ಟ ಪಾತ್ರೆಗೆ ತೆಗೆದು ಮುಚ್ಚಿಟ್ಟಳು. ಮುಚ್ಚಳದ ಮೇಲಿಂದ ಕೈ ತೆಗೆಯದೆ ಹಾಗೇ ನಿಂತಳು.

"ಕೈ ಮಾತ್ ಕೇಳಲ್ಲ ಕಣವ್ವ" ಎಂದಳು.

ನನ್ನ ಹೊಟ್ಟೆಗೆ ಎಲ್ಲವೂ ಒಗ್ಗುತ್ತದೆ. ಆದರೂ ತಟ್ಟೆ ಮುಂದೆ ಸರಿಸಿ, "ಅದ್ನೇ ನಂಗೆ ಬಡ್ಸಿ" ಎಂದೆ. ಸಪ್ಪೆಯಾಗಿತ್ತು. ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ.